ನಾನೇ ಬರೆದು ಚಿತ್ರಿಸಿದ ಕಾಮಿಕ್ಸ್ ಪ್ರಕಟಣೆಗೆ ಕೊಡುತ್ತಿದ್ದೇನೆ, ಹಕ್ಕು ನನ್ನಲ್ಲೇ ಉಳಿಯಲು ಏನು ಮಾಡಬೇಕು?

ಮಸಿಬಾಟಲಿ

ಎಲ್ಲರಿಗೂ ನಮಸ್ಕಾರ. ನನ್ನ ಕಾಮಿಕ್ಸ್ ಮುಗಿಯುವ ಹಂತಕ್ಕೆ ಬಂದಿದೆ. ಒಟ್ಟು 96 ಪುಟ, ಒಂದೇ ಕಥೆ. ಸ್ಕ್ರಿಪ್ಟ್, ಪೆನ್ಸಿಲ್, ಇಂಕಿಂಗ್, ಲೆಟರಿಂಗ್ (ಬಲೂನಿನೊಳಗಿನ ಅಕ್ಷರ) ಎಲ್ಲ ನನ್ನದೇ. ಬಣ್ಣ ಮಾತ್ರ ಗೆಳತಿಯೊಬ್ಬಳು ಮಾಡಿಕೊಟ್ಟಿದ್ದಾಳೆ. ಒಂದು ಪ್ರಕಾಶನದವರಿಗೆ ಕಥಾಸಾರ ಮತ್ತು ಕೆಲವು ಪುಟ ಕಳಿಸಿದ್ದೆ. ಅವರಿಗೆ ಇಷ್ಟವಾಗಿದೆ. ಈಗ ಪೂರ್ತಿ ಫೈಲು ಕಳಿಸಿ ಅನ್ನುತ್ತಿದ್ದಾರೆ. ಜೊತೆಗೆ ಒಪ್ಪಂದದ ಕರಡನ್ನೂ ಕಳಿಸಿದ್ದಾರೆ.

ಖುಷಿಯಾಗಿದೆ, ಭಯವೂ ಇದೆ. ಪೂರ್ತಿ ಪುಟ ಕಳಿಸಿದ ಮೇಲೆ ಅವರು ಬೇಡ ಅಂದುಬಿಟ್ಟು, ನಾಳೆ ಇದೇ ಕಥೆ ಬೇರೆಯವರ ಹೆಸರಲ್ಲಿ ಬಂದರೆ? ಮೊದಲು ಕಾಪಿರೈಟ್ ನೋಂದಣಿ ಮಾಡಿಸಬೇಕಾ? ಗುಟ್ಟು ಬಿಟ್ಟುಕೊಡುವುದಿಲ್ಲ ಅಂತ ಅವರಿಂದ ಸಹಿ ಕೇಳಬೇಕಾ? ಇದನ್ನೆಲ್ಲ ದಾಟಿ ಬಂದವರು ದಯವಿಟ್ಟು ಹೇಳಿ. ಈ ಪಾತ್ರಗಳು ನನ್ನ ಕೈತಪ್ಪಿ ಹೋಗಬಾರದು, ಅಷ್ಟೇ ನನ್ನ ಆಸೆ.

ಚೌಕಟ್ಟು

ಮೊದಲು ಅಭಿನಂದನೆ. 96 ಪುಟ ಮುಗಿಸುವುದು ಸಣ್ಣ ಮಾತಲ್ಲ. ಶುರು ಮಾಡಿದವರಲ್ಲಿ ಬಹಳ ಜನ ಹತ್ತಿಪ್ಪತ್ತು ಪುಟಕ್ಕೇ ನಿಂತುಬಿಡುತ್ತಾರೆ.

ನೀವು ಕೇಳುತ್ತಿರುವ ಹಕ್ಕು ನಿಮಗೆ ಈಗಾಗಲೇ ಬಂದಿದೆ. 1886ರಲ್ಲಿ ಆದ ಬರ್ನ್ ಒಪ್ಪಂದಕ್ಕೆ ಈಗ ಜಗತ್ತಿನ ಹೆಚ್ಚುಕಡಿಮೆ ಎಲ್ಲ ದೇಶಗಳೂ ಸೇರಿವೆ. ಅದರ ಪ್ರಕಾರ ಕೃತಿ ಕಾಗದದ ಮೇಲೋ ಫೈಲಿನಲ್ಲೋ ಮೂಡಿದ ಕ್ಷಣವೇ ಕಾಪಿರೈಟ್ ಹುಟ್ಟುತ್ತದೆ. ಅರ್ಜಿ ಬೇಡ, ಮುದ್ರೆ ಬೇಡ. ವೃತ್ತದೊಳಗೆ ಸಿ ಅಕ್ಷರ ಹಾಕಿದ ಗುರುತು ಕೂಡ ಕಡ್ಡಾಯವಲ್ಲ. ಆದರೂ ಹಾಕಿ, ನಿಮ್ಮ ಹೆಸರು ಮತ್ತು ಇಸವಿ ಬರೆಯಿರಿ. ನೋಡಿದವರಿಗೆ ಇದು ಯಾರದು ಅನ್ನುವುದು ಗೊತ್ತಾಗಲಿ.

ಇನ್ನೊಂದು ವಿಷಯ. ಕಾಪಿರೈಟ್ ಕಾಯುವುದು ನೀವು ಬರೆದ, ಚಿತ್ರಿಸಿದ ರೂಪವನ್ನು. ಬರೀ ಐಡಿಯಾವನ್ನಲ್ಲ. "ಮುಳುಗುತ್ತಿರುವ ಊರಲ್ಲಿ ಒಬ್ಬ ಹುಡುಗಿಗೆ ಮಾತ್ರ ನೀರಿನ ಮಾತು ಕೇಳಿಸುತ್ತದೆ" ಎಂಬ ಒಂದು ಸಾಲಿನ ಎಳೆಯನ್ನು ಯಾರು ಬೇಕಾದರೂ ತೆಗೆದುಕೊಂಡು ತಮ್ಮದೇ ಕಥೆ ಬರೆಯಬಹುದು. ಆ ಹುಡುಗಿಗೆ ನೀವು ಕೊಟ್ಟ ಮುಖ, ಪುಟದ ಪ್ಯಾನೆಲ್ (ಚಿತ್ರದ ಚೌಕ) ಜೋಡಣೆ, ಬಲೂನಿನೊಳಗಿನ ಮಾತು, ಘಟನೆಗಳನ್ನು ನೀವು ಹೆಣೆದ ಕ್ರಮ, ಇವು ನಿಮ್ಮವು. ಹಾಗಾಗಿ ಮುಗಿಸಿದ ಪುಟಗಳನ್ನು ಕಳಿಸುವವರು ಬರೀ ಐಡಿಯಾ ಕಳಿಸುವವರಿಗಿಂತ ಜಾಸ್ತಿ ಸುರಕ್ಷಿತ. ನಿಮ್ಮ ಹತ್ತಿರ 96 ಪುಟ ಇದೆ ಅಲ್ವಾ? ಅದೇ ದೊಡ್ಡ ಬಲ.

ಸಾಕ್ಷಿ ಇಟ್ಟುಕೊಳ್ಳಿ. ಥಂಬ್‌ನೇಲ್ (ಪುಟಗಳ ಪುಟ್ಟ ಕಚ್ಚಾ ಚಿತ್ರ) ಗೀಚಿದ ನೋಟ್‌ಬುಕ್ ಎಸೆಯಬೇಡಿ. ಪೆನ್ಸಿಲ್ ಹಂತದ ಸ್ಕ್ಯಾನ್, ಲೇಯರ್ ಇರುವ ಮೂಲ ಫೈಲು, ಸ್ಕ್ರಿಪ್ಟಿನ ಹಳೆಯ ಕರಡುಗಳು, ಅವರಿಗೆ ಬರೆದ ಮೇಲ್‌ಗಳು, ಎಲ್ಲ ಇರಲಿ. ಕದ್ದವರ ಹತ್ತಿರ ಕೊನೆಯ ಚಿತ್ರ ಇರಬಹುದು. ಅದು ಹುಟ್ಟಿದ ದಾರಿ ಇರುವುದಿಲ್ಲ. ಈಗ ಓದಲಿಕ್ಕೆ ಅಂತ ಕಳಿಸುವಾಗ ಕಡಿಮೆ ರೆಸಲ್ಯೂಷನ್ನಿನ ಪಿಡಿಎಫ್ ಸಾಕು. ಮುದ್ರಣದ 300 ಡಿಪಿಐ ಫೈಲನ್ನು ಸಹಿ ಆಗುವವರೆಗೆ ಯಾರಿಗೂ ಕೊಡಬೇಡಿ.

ಕಾನೂನು_ಓದುಗ

ಚೌಕಟ್ಟು ಅವರು ಹೇಳಿದ್ದು ಸರಿ. ನೋಂದಣಿ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ನೋಂದಣಿ ಇಲ್ಲದಿದ್ದರೂ ಹಕ್ಕು ಇರುತ್ತದೆ. ಆದರೆ ಜಗಳ ಕೋರ್ಟಿಗೆ ಹೋದಾಗ ನೋಂದಣಿಯ ಬೆಲೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಭಾರತದಲ್ಲಿ ಅದು ಐಚ್ಛಿಕ. ಮಾಡಿಸಿದರೆ ರಿಜಿಸ್ಟರಿನಲ್ಲಿ ಇರುವ ವಿವರವನ್ನು ಕೋರ್ಟು ಮೇಲ್ನೋಟದ ಸಾಕ್ಷ್ಯವಾಗಿ ತೆಗೆದುಕೊಳ್ಳುತ್ತದೆ. ಅಮೆರಿಕದಲ್ಲಿ ನಕಲು ಶುರುವಾಗುವ ಮೊದಲೇ, ಅಥವಾ ಪ್ರಕಟವಾದ ಮೂರು ತಿಂಗಳೊಳಗೆ ನೋಂದಣಿ ಆಗಿದ್ದರೆ, ಎಷ್ಟು ನಷ್ಟವಾಯಿತು ಎಂದು ಲೆಕ್ಕ ತೋರಿಸದೆಯೇ ಕಾನೂನು ನಿಗದಿ ಮಾಡಿದ ಪರಿಹಾರ ಕೇಳಬಹುದು. ತಡವಾದರೆ ಆ ಅವಕಾಶ ತಪ್ಪುತ್ತದೆ. ಬ್ರಿಟನ್ನಿನಲ್ಲಿ ಸರ್ಕಾರದ ಕಾಪಿರೈಟ್ ರಿಜಿಸ್ಟರೇ ಇಲ್ಲ. ಪುಸ್ತಕ ಎಲ್ಲಿ ಮಾರಾಟವಾಗಬೇಕು ಅನ್ನುವುದನ್ನು ನೋಡಿ ನಿರ್ಧರಿಸಿ.

ತಮ್ಮ ವಿಳಾಸಕ್ಕೇ ಹಸ್ತಪ್ರತಿಯನ್ನು ರಿಜಿಸ್ಟರ್ ಪೋಸ್ಟ್ ಮಾಡಿ, ಲಕೋಟೆ ಒಡೆಯದೆ ಇಡುವ ಉಪಾಯವನ್ನು ಈಗಲೂ ಕೆಲವರು ಹೇಳುತ್ತಾರೆ. ಅದು ನೋಂದಣಿಗೆ ಸಮ ಅಲ್ಲ. ಅದನ್ನು ನಂಬಿ ಕೂರಬೇಡಿ.

ಗೋಪ್ಯತೆಯ ಕಾಗದಕ್ಕೆ ಹೆಚ್ಚಿನ ಪ್ರಕಾಶಕರು ಸಹಿ ಹಾಕುವುದಿಲ್ಲ. ಅವರ ಮುಂದೆ ಒಂದೇ ಥರದ ಕಥೆಗಳು ಬರುತ್ತಲೇ ಇರುತ್ತವೆ. ಒಬ್ಬರಿಗೆ ಸಹಿ ಹಾಕಿ ಇನ್ನೊಬ್ಬರ ಪುಸ್ತಕ ತಂದರೆ ತಂಟೆ. ಕೇಳಿ ಇಲ್ಲ ಅನ್ನಿಸಿಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಶೀರ್ಷಿಕೆ ಮತ್ತು ಪಾತ್ರದ ಹೆಸರು. ಬರೀ ಹೆಸರಿಗೆ ಕಾಪಿರೈಟ್ ಸಿಗುವುದು ಕಷ್ಟ. ಅದಕ್ಕೆ ಟ್ರೇಡ್‌ಮಾರ್ಕ್ ಇದೆ, ಅದು ಬೇರೆಯದೇ ದಾರಿ. ಸರಣಿ ಮಾಡುವ ಯೋಚನೆ ಇದ್ದರೆ ಒಂದು ಮಾತು ನೆನಪಿಡಿ: ಟ್ರೇಡ್‌ಮಾರ್ಕ್ ಅರ್ಜಿಯನ್ನು ಪ್ರಕಾಶಕರು ತಮ್ಮ ಹೆಸರಲ್ಲಿ ಹಾಕುವಂತಿಲ್ಲ ಎಂದು ಒಪ್ಪಂದದಲ್ಲಿ ಬರೆಸಿ.

ನನಗೆ ನಿಮ್ಮ ಪುಟ ಕದಿಯುವವರ ಚಿಂತೆಗಿಂತ ಆ ಒಪ್ಪಂದದ ಕರಡಿನ ಚಿಂತೆ ಜಾಸ್ತಿ. ಹಕ್ಕಿನ ಬಗ್ಗೆ ಬರೆದಿರುವ ಷರತ್ತನ್ನು ಇಲ್ಲಿ ಹಾಕಬಹುದಾ? ಹೆಸರು, ಮೊತ್ತ ಎಲ್ಲ ತೆಗೆದು ಹಾಕಿ.

ಮಸಿಬಾಟಲಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅರ್ಧ ಭಯ ಹೋಯಿತು. ಷರತ್ತು ಹೀಗಿದೆ:

"ಲೇಖಕರು ಸದರಿ ಕೃತಿ, ಅದರ ಪಾತ್ರಗಳು ಹಾಗೂ ಶೀರ್ಷಿಕೆಯ ಮೇಲಿನ ಸಮಸ್ತ ಹಕ್ಕುಗಳನ್ನು, ಈಗ ಇರುವ ಹಾಗೂ ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಎಲ್ಲ ಭಾಷೆಗಳಲ್ಲಿ, ವಿಶ್ವದಾದ್ಯಂತ, ಶಾಶ್ವತವಾಗಿ ಪ್ರಕಾಶಕರಿಗೆ ವರ್ಗಾಯಿಸಿರುತ್ತಾರೆ."

ಇನ್ನೊಂದು ಕಡೆ "ಲೇಖಕರ ಮುಂದಿನ ಕೃತಿಯನ್ನೂ ಇದೇ ಷರತ್ತುಗಳ ಮೇಲೆ ಪ್ರಕಾಶಕರಿಗೇ ಕೊಡತಕ್ಕದ್ದು" ಅಂತಲೂ ಇದೆ. ರಾಯಲ್ಟಿ "ನಿವ್ವಳ ಆದಾಯದ ಮೇಲೆ 10%". ಇದು ಮಾಮೂಲಿ ನಮೂನೆ, ಎಲ್ಲರೂ ಇದಕ್ಕೇ ಸಹಿ ಹಾಕುತ್ತಾರೆ ಎಂದು ಅವರು ಹೇಳಿದ್ದಾರೆ.

ಚೌಕಟ್ಟು

ಇದಕ್ಕೆ ಸಹಿ ಹಾಕಬೇಡಿ. ನೇರವಾಗಿ ಹೇಳುತ್ತಿದ್ದೇನೆ, ಏಕೆಂದರೆ ನಮ್ಮ ಕಲೆಯ ಇತಿಹಾಸದಲ್ಲಿ ಇದರ ಕಥೆ ತುಂಬಾ ಹಳೆಯದು.

ಸೂಪರ್‌ಮ್ಯಾನ್ ಸೃಷ್ಟಿಸಿದ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಆ ಪಾತ್ರವನ್ನು 130 ಡಾಲರಿಗೆ ಪ್ರಕಾಶನ ಕಂಪನಿಗೆ ಕೊಟ್ಟುಬಿಟ್ಟರು. ಇಬ್ಬರೂ ಆಗ ಇಪ್ಪತ್ತರ ಆಸುಪಾಸಿನ ಹುಡುಗರು. ಆಮೇಲೆ ಪಾತ್ರ ರೇಡಿಯೋಗೆ ಹೋಯಿತು, ಪರದೆಗೆ ಹೋಯಿತು, ಆಟಿಕೆಯಾಯಿತು. ಹಕ್ಕು ಇವರ ಹತ್ತಿರ ಇರಲಿಲ್ಲ. ಕೋರ್ಟು ಅಲೆದರು. 1975ರಲ್ಲಿ ಪತ್ರಿಕೆಗಳೂ ಸಹ ಕಲಾವಿದರೂ ದನಿ ಎತ್ತಿದ ಮೇಲೆ ಕಂಪನಿ ವರ್ಷಕ್ಕೆ ತಲಾ 20,000 ಡಾಲರ್ ಪಿಂಚಣಿ ಕೊಡಲು ಮತ್ತು ಅವರ ಹೆಸರನ್ನು ಮತ್ತೆ ಹಾಕಲು ಒಪ್ಪಿತು. ಆ 130 ಡಾಲರ್ ಸೇರಿದ್ದ ಹಳೆಯ ಚೆಕ್ಕು 2012ರಲ್ಲಿ ಹರಾಜಾದಾಗ 1,60,000 ಡಾಲರಿಗೆ ಹೋಯಿತು. ಅವರ ಕಥೆಯನ್ನು ಯಾರೂ ಕದ್ದಿರಲಿಲ್ಲ. ಅವರೇ ಸಹಿ ಹಾಕಿದ್ದರು. ಅವರ ಮುಂದೆಯೂ ಇಟ್ಟಿದ್ದು ಆಗಿನ ಮಾಮೂಲಿ ಕಾಗದವೇ.

ತೋಟವನ್ನೇ ಬರೆದುಕೊಡುವುದು ಬೇರೆ, ಇಷ್ಟು ವರ್ಷದ ಫಸಲನ್ನು ಗುತ್ತಿಗೆಗೆ ಕೊಡುವುದು ಬೇರೆ. ನಿಮ್ಮ ಪ್ರಕಾಶಕರಿಗೆ ಪುಸ್ತಕ ಮುದ್ರಿಸಿ ಮಾರಲು ಬೇಕಾಗಿರುವುದು ಗುತ್ತಿಗೆ ಮಾತ್ರ. ಕಾಗದದಲ್ಲಿ ಕೇಳಿರುವುದು ತೋಟ.

ನಾನಾದರೆ ಆ ಷರತ್ತನ್ನು ಹೀಗೆ ತಿದ್ದಿ ಕಳಿಸುತ್ತೇನೆ:

"ಕೃತಿ, ಅದರ ಪಾತ್ರಗಳು ಹಾಗೂ ಶೀರ್ಷಿಕೆಯ ಹಕ್ಕುಸ್ವಾಮ್ಯ ಲೇಖಕರಲ್ಲೇ ಇರುತ್ತದೆ. ಕೃತಿಯನ್ನು ಕನ್ನಡದಲ್ಲಿ, ಮುದ್ರಿತ ಪುಸ್ತಕವಾಗಿ ಮತ್ತು ಇ-ಪುಸ್ತಕವಾಗಿ ಪ್ರಕಟಿಸಿ ಮಾರುವ ಏಕಮಾತ್ರ ಅನುಮತಿಯನ್ನು ಲೇಖಕರು ಪ್ರಕಾಶಕರಿಗೆ, ಪ್ರಕಟಣೆಯ ದಿನದಿಂದ ಐದು ವರ್ಷಗಳ ಅವಧಿಗೆ ನೀಡಿದ್ದಾರೆ. ಇಲ್ಲಿ ಹೆಸರಿಸದ ಎಲ್ಲ ಹಕ್ಕುಗಳೂ ಲೇಖಕರಲ್ಲೇ ಉಳಿಯುತ್ತವೆ."

ಕೊನೆಯ ವಾಕ್ಯವನ್ನು ಯಾವ ಕಾರಣಕ್ಕೂ ಬಿಡಬೇಡಿ. ಸಿನಿಮಾ, ಆನಿಮೇಷನ್, ಗೇಮ್, ಆಡಿಯೋ, ಅನುವಾದ, ಟಿ-ಶರ್ಟು, ಗೊಂಬೆ, ಎರಡನೇ ಭಾಗ, ಇವನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡುತ್ತ ಹೋದರೆ ಏನಾದರೊಂದು ಬಿಟ್ಟುಹೋಗುತ್ತದೆ. ಆ ಒಂದು ಸಾಲು ಎಲ್ಲವನ್ನೂ ಹಿಡಿದಿಡುತ್ತದೆ.

ಪುಟತಿರುವು

ನನಗೆ ಇಷ್ಟು ಖಡಾಖಂಡಿತವಾಗಿ ಹೇಳುವುದು ಸರಿ ಕಾಣುವುದಿಲ್ಲ. ಮೊದಲ ಪುಸ್ತಕ ರೀ ಇದು. ಕಾಮಿಕ್ಸ್ ಹಾಕುವ ಪ್ರಕಾಶಕರು ಸಿಗುವುದೇ ಅಪರೂಪ. ಬಣ್ಣದ ಮುದ್ರಣದ ಖರ್ಚು ಪೂರ್ತಿ ಅವರದ್ದು. ಹೊಸಬರು ಇಷ್ಟೆಲ್ಲ ಷರತ್ತು ಹಾಕಿದರೆ "ಬೇಡ ಬಿಡಿ" ಅಂದುಬಿಡುತ್ತಾರೆ. ಒಂದು ಪುಸ್ತಕ ಬಂದು ಹೆಸರಾದರೆ ಎರಡನೆಯದರಲ್ಲಿ ಚೌಕಾಸಿ ಮಾಡಬಹುದು.

ಕರಡುಪ್ರತಿ

ನಾನು ಮೇಜಿನ ಆ ಕಡೆ ಕೂರುವವನು. ಸಣ್ಣ ಪ್ರಕಾಶನವೊಂದರಲ್ಲಿ ಸಂಪಾದಕ. ಪುಟತಿರುವು ಅವರ ಆತಂಕ ಅರ್ಥವಾಗುತ್ತದೆ, ಅದಕ್ಕೆ ಒಳಗಿನ ಮಾತು ಹೇಳುತ್ತೇನೆ.

ಕರಡು ಅಂದರೆ ಕರಡು. ಕಳಿಸುವವರಿಗೂ ಅದು ಮೊದಲ ಮಾತು ಅಷ್ಟೇ ಎಂದು ಗೊತ್ತಿರುತ್ತದೆ. ಬಹಳ ಕಡೆ ಹಳೆಯ ನಮೂನೆಯನ್ನೇ ಹೆಸರು ಬದಲಿಸಿ ಕಳಿಸುತ್ತಾರೆ, ಅದರಲ್ಲಿ ಏನಿದೆ ಎಂದು ಅವರೇ ಪೂರ್ತಿ ಓದಿರುವುದಿಲ್ಲ. ಗೌರವದಿಂದ, ಯಾವ ಸಾಲು ಯಾಕೆ ಬದಲಾಗಬೇಕು ಎಂದು ಬರೆದು ಕಳಿಸಿದರೆ ಯಾವ ಒಳ್ಳೆಯ ಪ್ರಕಾಶಕನೂ ಓಡಿಹೋಗುವುದಿಲ್ಲ. ನಾನು ನೋಡಿದ ಮಟ್ಟಿಗೆ ಪ್ರಶ್ನೆ ಕೇಳುವ ಲೇಖಕರ ಮೇಲೆ ನಂಬಿಕೆ ಹೆಚ್ಚುತ್ತದೆ. ಗಡುವನ್ನೂ ಇವರು ಹೀಗೇ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಅನ್ನಿಸುತ್ತದೆ.

"ಎರಡನೆಯದರಲ್ಲಿ ಚೌಕಾಸಿ" ಅನ್ನುವುದು ಇಲ್ಲಿ ನಡೆಯುವುದಿಲ್ಲ. ಮುಂದಿನ ಕೃತಿಯನ್ನೂ ಇದೇ ಷರತ್ತಿಗೆ ಕೊಡಬೇಕು ಎಂದು ಈಗಲೇ ಬರೆದಿದ್ದಾರಲ್ಲ? ಆ ಸಾಲು ಪೂರ್ತಿ ಹೋಗಬೇಕು. ತೀರಾ ಒತ್ತಾಯ ಮಾಡಿದರೆ ಇಷ್ಟಕ್ಕೆ ಒಪ್ಪಿ: ಇದೇ ಪಾತ್ರಗಳ ಮುಂದಿನ ಪುಸ್ತಕವನ್ನು ಮೊದಲು ಇವರಿಗೆ ತೋರಿಸುತ್ತೀರಿ, ಇವರು 30 ದಿನದಲ್ಲಿ ಹೌದು ಅಥವಾ ಇಲ್ಲ ಹೇಳಬೇಕು, ಷರತ್ತು ಹೊಸದಾಗಿ ಮಾತಾಡಬೇಕು.

ಪ್ರಕಾಶಕರ ಕಷ್ಟವೂ ನಿಜ. ಹಣ ಹಾಕಿದ ಮೇಲೆ ಒಂದೆರಡು ವರ್ಷದಲ್ಲೇ ಲೇಖಕ ಪುಸ್ತಕವನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ ಅವರಿಗೆ ನಷ್ಟ. ಅದಕ್ಕೆ ಏಕಮಾತ್ರ ಅನುಮತಿ ಮತ್ತು ಐದೋ ಏಳೋ ವರ್ಷ ಕೇಳುವುದು ನ್ಯಾಯವೇ. ಶಾಶ್ವತ ಅನ್ನುವುದಕ್ಕೆ ಕಾರಣವಿಲ್ಲ.

ರಾಯಲ್ಟಿ ವಿಷಯವನ್ನು ಬಹಳ ಜನ ಶೇಕಡಾ ನೋಡಿ ಬಿಡುತ್ತಾರೆ. ಯಾವುದರ ಶೇಕಡಾ ಅನ್ನುವುದು ಮುಖ್ಯ. ಮುಖಬೆಲೆ 100 ಅಂದುಕೊಳ್ಳಿ. ಮಾರಾಟಗಾರರಿಗೆ 50% ರಿಯಾಯಿತಿ ಹೋದರೆ ಪ್ರಕಾಶಕರ ಕೈಗೆ ಬರುವುದು 50. ಮುಖಬೆಲೆಯ ಮೇಲೆ 10% ಅಂದರೆ ನಿಮಗೆ ಪ್ರತಿಗೆ 10. ನಿವ್ವಳದ ಮೇಲೆ 10% ಅಂದರೆ 5. ಅಷ್ಟಕ್ಕೇ ನಿಲ್ಲುವುದಿಲ್ಲ. ನಿವ್ವಳ ಅಂದರೆ ಏನು ಎಂದು ಬರೆಯದಿದ್ದರೆ ಮುದ್ರಣ, ಸಾಗಾಣಿಕೆ, ಪ್ರಚಾರ, ಗೋದಾಮು ಎಲ್ಲ ಕಳೆದು ಉಳಿದಿದ್ದು ಎಂದೂ ಹೇಳಬಹುದು. ಆಗ ಉಳಿಯುವುದು ಸೊನ್ನೆ. "ಮಾರಾಟಗಾರರಿಂದ ಪ್ರಕಾಶಕರಿಗೆ ಬಂದ ಹಣ, ತೆರಿಗೆ ಮತ್ತು ವಾಪಸ್ ಬಂದ ಪ್ರತಿಗಳನ್ನು ಮಾತ್ರ ಕಳೆದು" ಎಂದು ಬರೆಸಿ.

ಮುಂಗಡ ಕೊಟ್ಟರೆ ಅದು ಮುಂದೆ ಬರುವ ರಾಯಲ್ಟಿಯಲ್ಲಿ ವಜಾ ಆಗುತ್ತದೆ, ಅದು ಸರಿ. ಪುಸ್ತಕ ಓಡದಿದ್ದರೆ ವಾಪಸ್ ಕೊಡಬೇಕು ಅಂತಿದ್ದರೆ ಅದನ್ನು ತೆಗೆಸಿ. ವರ್ಷಕ್ಕೆ ಎರಡು ಸಲ ಲೆಕ್ಕದ ಪಟ್ಟಿ ಬರಬೇಕು: ಎಷ್ಟು ಮುದ್ರಿಸಿದರು, ಎಷ್ಟು ಮಾರಿದರು, ಎಷ್ಟು ಸುಮ್ನೆ ಹಂಚಿದರು. ಬೇಕಾದರೆ ನಿಮ್ಮ ಕಡೆಯ ಲೆಕ್ಕಿಗರು ಬಂದು ಲೆಕ್ಕದ ಪುಸ್ತಕ ನೋಡುವ ಅವಕಾಶ ಇರಬೇಕು. ವ್ಯತ್ಯಾಸ 5% ದಾಟಿದರೆ ಆ ತಪಾಸಣೆಯ ಖರ್ಚು ಪ್ರಕಾಶಕರದ್ದು ಎಂದು ಬರೆಯುವ ರೂಢಿಯೂ ಇದೆ.

ಯಾರಾದರೂ ನಿಮ್ಮಿಂದಲೇ ಹಣ ಕೇಳಿ, ಹಕ್ಕನ್ನೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಮುದ್ರಣಕ್ಕೆ ನಿಮ್ಮದೇ ಹಣ ಹಾಕುವುದಾದರೆ ನೀವೇ ಪ್ರಕಾಶಕರು. ಆಗ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕೂಡ ನಿಮ್ಮ ಹೆಸರಲ್ಲೇ ಇರಲಿ. ಐಎಸ್‌ಬಿಎನ್ ಹಕ್ಕಿನ ಪುರಾವೆ ಅಲ್ಲ, ಆದರೆ ದಾಖಲೆಯಲ್ಲಿ ಪ್ರಕಾಶಕರು ಯಾರು ಎಂದು ತೋರಿಸುವುದು ಅದೇ.

ಬಣ್ಣಗಾರ್ತಿ

ಇಷ್ಟು ಹೊತ್ತು ಓದುತ್ತಿದ್ದೆ. ನಿಮ್ಮ ಗೆಳತಿಯ ಮಾತನ್ನು ಇನ್ನೂ ಯಾರೂ ಎತ್ತಿಲ್ಲ.

ನಾನು ಬಣ್ಣದ ಕೆಲಸ ಮಾಡುವವಳು. ಕಾಮಿಕ್ಸಿನಲ್ಲಿ ಬಣ್ಣ ಅಂದರೆ ಗೆರೆಯೊಳಗೆ ತುಂಬುವುದಲ್ಲ. ರಾತ್ರಿಯ ದೃಶ್ಯ ರಾತ್ರಿಯಾಗುವುದು, ಓದುವವರ ಕಣ್ಣು ಯಾವ ಪ್ಯಾನೆಲಿನಲ್ಲಿ ನಿಲ್ಲಬೇಕು ಅನ್ನುವುದು ಬಣ್ಣದಿಂದ. ಅದು ಸ್ವಂತ ಸೃಷ್ಟಿ. ಕಾಗದದಲ್ಲಿ ಬೇರೆ ಮಾತು ಬರೆದಿಲ್ಲದಿದ್ದರೆ ಆ ಬಣ್ಣದ ಕೆಲಸದ ಹಕ್ಕು ಅವರ ಹತ್ತಿರವೇ ಇರುವ ಸಾಧ್ಯತೆ ಜಾಸ್ತಿ. ಗೆಳೆತನದಲ್ಲಿ ಮಾಡಿಕೊಟ್ಟರು ಅಂದ ಮಾತ್ರಕ್ಕೆ ಅದು ನಿಮಗೆ ಬಂದುಬಿಡುವುದಿಲ್ಲ.

ಒಂದು ಪುಸ್ತಕದಲ್ಲಿ ಹೀಗೇ ಆಗಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಬರೆದವರು, ಚಿತ್ರಿಸಿದವರು ಇಬ್ಬರೂ ಆಪ್ತರು. ಬಾಯಿಮಾತಿನಲ್ಲಿ "ಅರ್ಧರ್ಧ" ಅಂದುಕೊಂಡಿದ್ದರು. ಪುಸ್ತಕ ಚೆನ್ನಾಗಿ ಹೋಯಿತು. ಬೇರೆ ಭಾಷೆಯವರು ಅನುವಾದ ಕೇಳಿದರು. ಆಗ ಯಾವುದರ ಅರ್ಧ, ಯಾರ ಒಪ್ಪಿಗೆ ಬೇಕು, ಎರಡನೇ ಭಾಗಕ್ಕೆ ಬೇರೆ ಚಿತ್ರಕಾರರನ್ನು ತರಬಹುದಾ ಎಂಬ ಪ್ರಶ್ನೆ ಬಂತು. ಅನುವಾದವೂ ಆಗಲಿಲ್ಲ, ಎರಡನೇ ಭಾಗವೂ ಬರಲಿಲ್ಲ. ಇಬ್ಬರೂ ಒಳ್ಳೆಯವರೇ.

ಒಂದು ಪುಟದ ಕಾಗದ ಸಾಕು. ಯಾರು ಏನು ಮಾಡಿದರು, ಹಣ ಎಷ್ಟು ಅಥವಾ ರಾಯಲ್ಟಿಯಲ್ಲಿ ಪಾಲು ಎಷ್ಟು, ಹೆಸರು ಎಲ್ಲಿ ಬರುತ್ತದೆ, ಬಣ್ಣದ ಪುಟಗಳನ್ನು ಯಾವ ಯಾವ ರೂಪದಲ್ಲಿ ಬಳಸಬಹುದು, ಪ್ರಕಾಶಕರ ಜೊತೆ ಸಹಿ ಮಾಡುವ ಅಧಿಕಾರ ಯಾರಿಗೆ. ಇಬ್ಬರೂ ಸಹಿ ಹಾಕಿ. ಮುಖಪುಟದಲ್ಲಿ ಅವರ ಹೆಸರು ಹಾಕಿ ಎಂದು ನಾನು ಕೇಳಿಕೊಳ್ಳುತ್ತೇನೆ. ಬಣ್ಣದವರ ಹೆಸರು ಒಳಪುಟದ ಸಣ್ಣ ಅಕ್ಷರಕ್ಕೆ ಇಳಿದುಬಿಡುವುದು ತುಂಬಾ ನೋವು ಕೊಡುತ್ತದೆ.

ಕಾನೂನು_ಓದುಗ

ಬಣ್ಣಗಾರ್ತಿ ಅವರದು ಈ ಚರ್ಚೆಯ ಅತಿ ಮುಖ್ಯ ಮಾತು. ಯಾಕೆಂದರೆ ಪ್ರಕಾಶಕರ ಒಪ್ಪಂದದಲ್ಲಿ "ಕೃತಿ ಪೂರ್ತಿ ಲೇಖಕರ ಸ್ವಂತದ್ದು, ಬೇರೆ ಯಾರ ಹಕ್ಕೂ ಇದರಲ್ಲಿಲ್ಲ" ಎಂಬ ಭರವಸೆಯ ಷರತ್ತು ಇದ್ದೇ ಇರುತ್ತದೆ. ಅದಕ್ಕೆ ಸಹಿ ಹಾಕುವ ಮೊದಲು ಬಣ್ಣದ ಕಾಗದ ಕೈಯಲ್ಲಿರಬೇಕು. ಇಲ್ಲದಿದ್ದರೆ ನೀವು ಕೊಡಲಾಗದ ಭರವಸೆ ಕೊಟ್ಟಂತೆ.

ಇನ್ನು ಹಕ್ಕು ವಾಪಸ್ ಬರುವ ಷರತ್ತು. ಇದನ್ನು ಬಿಡಿಸಿ ಹೇಳಬೇಕು, ಹೆಚ್ಚಿನವರು ಎಡವುವುದು ಇಲ್ಲೇ.

"ಪುಸ್ತಕ ಮುದ್ರಣದಲ್ಲಿ ಇಲ್ಲದಿದ್ದರೆ ಹಕ್ಕು ಲೇಖಕರಿಗೆ ಮರಳುತ್ತದೆ" ಎಂದು ಬರೆದಿದ್ದನ್ನು ನೋಡಿ ಸಮಾಧಾನ ಪಟ್ಟುಕೊಳ್ಳುತ್ತೇವೆ. ವಾಚ್‌ಮೆನ್ ಎಂಬ ಕಾಮಿಕ್ಸ್ ಮಾಡಿದ ಅಲನ್ ಮೂರ್ ಮತ್ತು ಡೇವ್ ಗಿಬನ್ಸ್ ಅವರ ಒಪ್ಪಂದದಲ್ಲೂ ಅಂಥದ್ದೇ ಏರ್ಪಾಡಿತ್ತು. 1986–87ರಲ್ಲಿ ಸಂಚಿಕೆಗಳು ಬಂದವು. ಆ ಕಾಲದಲ್ಲಿ ಕಾಮಿಕ್ಸ್ ಸ್ವಲ್ಪ ದಿನ ಮಾರಾಟವಾಗಿ ನಿಂತುಹೋಗುವುದೇ ರೂಢಿ. ಆದರೆ ಅದು ಪುಸ್ತಕವಾಗಿ ಬಂದು ಇವತ್ತಿನವರೆಗೂ ಮುದ್ರಣದಲ್ಲೇ ಇದೆ. ಹಕ್ಕು ಮರಳುವ ದಿನ ಬರಲೇ ಇಲ್ಲ.

ಈಗ ಇನ್ನೂ ಸುಲಭ. ಇ-ಪುಸ್ತಕ ಒಂದು ಸೈಟಿನಲ್ಲಿ ಇದ್ದರೆ ಸಾಕು, ಆರ್ಡರ್ ಬಂದಾಗ ಒಂದೊಂದೇ ಪ್ರತಿ ಮುದ್ರಿಸುವ ವ್ಯವಸ್ಥೆ ಇದ್ದರೆ ಸಾಕು, ಪುಸ್ತಕ ಎಂದೆಂದಿಗೂ "ಮುದ್ರಣದಲ್ಲಿದೆ" ಎನ್ನಬಹುದು. ಅದಕ್ಕೇ ಮಾರಾಟದ ಸಂಖ್ಯೆಗೆ ಕಟ್ಟಿಹಾಕಿ. ಸತತ 12 ತಿಂಗಳಲ್ಲಿ ಇಂತಿಷ್ಟು ಪ್ರತಿಗಿಂತ ಕಡಿಮೆ ಮಾರಾಟವಾದರೆ, ಲೇಖಕರು ಪತ್ರ ಬರೆದ 60 ದಿನದೊಳಗೆ ಹಕ್ಕು ಮರಳಬೇಕು. ಪ್ರಕಾಶಕರು ಸಹಿಯಾದ 18 ತಿಂಗಳಲ್ಲಿ ಪುಸ್ತಕ ತರದಿದ್ದರೂ ಮರಳಬೇಕು, ಕೊಟ್ಟ ಮುಂಗಡ ನಿಮ್ಮದೇ. ಪ್ರಕಾಶನ ಮುಚ್ಚಿದರೆ ಅಥವಾ ಇನ್ನೊಬ್ಬರಿಗೆ ಮಾರಾಟವಾದರೆ ನಿಮ್ಮ ಒಪ್ಪಿಗೆ ಇಲ್ಲದೆ ಒಪ್ಪಂದ ಕೈ ಬದಲಾಗಬಾರದು.

ಕಾನೂನೇ ಕೆಲವು ಕಡೆ ಲೇಖಕರ ಕೈ ಹಿಡಿಯುತ್ತದೆ. ಭಾರತದಲ್ಲಿ ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆದಿಲ್ಲದಿದ್ದರೆ ಐದು ವರ್ಷ ಎಂದು ಎಣಿಸಲಾಗುತ್ತದೆ. ಪ್ರದೇಶ ಬರೆದಿಲ್ಲದಿದ್ದರೆ ಭಾರತದ ಮಟ್ಟಿಗೆ ಮಾತ್ರ. ಅಮೆರಿಕದಲ್ಲಿ 1978ರಿಂದ ಈಚೆಗೆ ಲೇಖಕರೇ ಕೊಟ್ಟ ಹಕ್ಕನ್ನು 35 ವರ್ಷದ ನಂತರ ವಾಪಸ್ ಪಡೆಯಲು ದಾರಿಯಿದೆ, ಆದರೆ ಕೂಲಿಗೆ ಮಾಡಿಕೊಟ್ಟ ಕೆಲಸಕ್ಕೆ ಇದು ಅನ್ವಯಿಸುವುದಿಲ್ಲ. ಜರ್ಮನಿಯಲ್ಲಿ ಲೇಖಕರು ಬದುಕಿರುವಾಗ ಹಕ್ಕುಸ್ವಾಮ್ಯವನ್ನೇ ಮಾರಲು ಬರುವುದಿಲ್ಲ, ಬಳಸುವ ಹಕ್ಕು ಮಾತ್ರ ಕೊಡಬಹುದು. ಇದನ್ನೆಲ್ಲ ಹೇಳಿದ್ದು ಯಾಕೆಂದರೆ ನಿಮ್ಮ ಕರಡಿನ ಕೊನೆಯಲ್ಲಿ ಯಾವ ದೇಶದ ಕಾನೂನು, ಯಾವ ಊರಿನ ಕೋರ್ಟು ಎಂದು ಒಂದು ಸಾಲು ಇರುತ್ತದೆ. ಅದನ್ನು ಓದದೆ ಬಿಡಬೇಡಿ. ಸಹಿಗೆ ಮೊದಲು ನಿಮ್ಮ ಕಡೆಯ ಒಬ್ಬ ವಕೀಲರಿಗೆ ತೋರಿಸಿ. ಇಲ್ಲಿನ ಮಾತು ಅದಕ್ಕೆ ಬದಲಿ ಅಲ್ಲ.

ವೆಬ್‌ಸಂಚಿಕೆ

ಪ್ರಕಾಶಕರೇ ಯಾಕೆ ಬೇಕು, ನೇರ ವೆಬ್‌ಕಾಮಿಕ್ಸ್ ಆಗಿ ಹಾಕಿದರೆ ಹಕ್ಕು ಸೇಫ್ ಅಲ್ವಾ ಎಂದು ಯಾರಾದರೂ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಾನು ವಾರವಾರ ವೆಬ್‌ನಲ್ಲೇ ಹಾಕುವವನು.

ಓದುಗರು ಸಿಗುತ್ತಾರೆ, ಆ ಖುಷಿಗೆ ಸಾಟಿ ಇಲ್ಲ. ಆದರೆ ಅಲ್ಲೂ ಒಪ್ಪಂದ ಇದೆ. "ಒಪ್ಪಿದ್ದೇನೆ" ಎಂದು ಒತ್ತುವ ಗುಂಡಿಯೇ ಸಹಿ. ದೊಡ್ಡ ವೇದಿಕೆಗಳ ಪೈಕಿ ಹಲವು, ಯಾರು ಬೇಕಾದರೂ ಹಾಕಬಹುದಾದ ವಿಭಾಗದಲ್ಲಿ, ಒಡೆತನ ನಿಮ್ಮದೇ ಎನ್ನುತ್ತವೆ. ಪ್ರದರ್ಶಿಸಲು ಬೇಕಾದ ಅನುಮತಿ ಮಾತ್ರ ತೆಗೆದುಕೊಳ್ಳುತ್ತವೆ. ಅದೇ ವೇದಿಕೆ ನಿಮ್ಮನ್ನು ಕರೆದು ಹಣ ಕೊಟ್ಟು ಸರಣಿ ಮಾಡಿಸಿದರೆ ಆಗ ಬರುವ ಕಾಗದ ಪೂರ್ತಿ ಬೇರೆ. ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ಬೇರೆ ಪ್ರಕಾಶಕರು ಬಂದರೆ ಮೊದಲು ನಮಗೆ ಹೇಳಬೇಕು, ಸ್ಪರ್ಧೆಗೆ ಕಳಿಸಿದ ಎಲ್ಲ ಕೃತಿಯ ಹಕ್ಕು ನಮ್ಮದು, ಇಂಥ ಸಾಲುಗಳನ್ನು ಹುಡುಕಿ ನೋಡಿ. ಸ್ಪರ್ಧೆಗಳಲ್ಲಿ ಗೆಲ್ಲದವರ ಹಕ್ಕನ್ನೂ ತೆಗೆದುಕೊಳ್ಳುವ ನಿಯಮ ಇರುತ್ತದೆ. ಅದು ನನಗೆ ತುಂಬಾ ಅನ್ಯಾಯ ಅನ್ನಿಸುತ್ತದೆ.

ಪೂರ್ತಿ ಕಥೆಯನ್ನು ವೆಬ್‌ನಲ್ಲಿ ಹಾಕಿಬಿಟ್ಟರೆ ಕೆಲವು ಪ್ರಕಾಶಕರು "ಈಗಾಗಲೇ ಪ್ರಕಟವಾಗಿದೆ" ಅನ್ನಬಹುದು. ಒಂದು ಅಧ್ಯಾಯ ಹಾಕಿ ನೋಡುವುದು ಒಳ್ಳೆಯದು. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ (ಎಲ್ಲರಿಗೂ ಮೊದಲೇ ಕೊಡುವ ಮುಕ್ತ ಅನುಮತಿ) ಹಾಕುವವರು ಒಮ್ಮೆ ಯೋಚಿಸಿ. ಅದನ್ನು ಕೊಟ್ಟ ಮೇಲೆ, ಆಗಲೇ ಪ್ರತಿ ಪಡೆದವರಿಂದ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಏಕಮಾತ್ರ ಅನುಮತಿ ಬೇಕು ಅನ್ನುವ ಪ್ರಕಾಶಕರಿಗೆ ಆಗ ಏನು ಕೊಡುತ್ತೀರಿ?

ಮತ್ತೆ ಎಐ. ಪುಟಗಳನ್ನು ಎಐ ತರಬೇತಿಗೆ ಬಳಸುವಂತಿಲ್ಲ ಎಂದು ಒಪ್ಪಂದದಲ್ಲಿ ಬರೆಸಿ. ಹಿನ್ನೆಲೆಯನ್ನೋ ಪಾತ್ರವನ್ನೋ ಎಐನಿಂದ ಮಾಡಿಸುವವರೂ ಎಚ್ಚರ. 2023ರಲ್ಲಿ ಅಮೆರಿಕದ ಕಾಪಿರೈಟ್ ಕಚೇರಿ ಒಂದು ಕಾಮಿಕ್ಸ್ ಪುಸ್ತಕದ ವಿಷಯದಲ್ಲಿ, ಬರಹ ಮತ್ತು ಪುಟಗಳ ಜೋಡಣೆಗೆ ಮಾತ್ರ ರಕ್ಷಣೆ, ಎಐ ಹುಟ್ಟಿಸಿದ ಚಿತ್ರಗಳಿಗೆ ಇಲ್ಲ ಎಂದು ನಿರ್ಧರಿಸಿತು.

ಅಕ್ಷರಜೋಡಣೆ

ಸಣ್ಣ ವಿಷಯ. ಲೆಟರಿಂಗ್ ನೀವೇ ಮಾಡಿದ್ದೀರಿ ಅಂದಿರಿ. ಕೈಬರಹವೋ ಫಾಂಟೋ? ಫಾಂಟ್ ಆದರೆ ಲೈಸೆನ್ಸ್ ನೋಡಿ. "ಸ್ವಂತ ಬಳಕೆಗೆ ಉಚಿತ" ಅನ್ನುವುದು ಮಾರಾಟದ ಪುಸ್ತಕಕ್ಕೆ ನಡೆಯುವುದಿಲ್ಲ. ಓಪನ್ ಫಾಂಟ್ ಲೈಸೆನ್ಸ್ ಇರುವುದಾದರೆ ಪುಸ್ತಕದಲ್ಲಿ ಧಾರಾಳವಾಗಿ ಬಳಸಬಹುದು. ಹಿನ್ನೆಲೆಗೆ ಯಾರದಾದರೂ ಫೋಟೋ ಮೇಲೆ ಗೆರೆ ಎಳೆದಿದ್ದರೆ ಅದನ್ನೂ ನೋಡಿಕೊಳ್ಳಿ.

ಮಸಿಬಾಟಲಿ

ಫಾಂಟ್ ಅಲ್ಲ, ಕೈಬರಹ. ಫೋಟೋಗಳೂ ನಾನೇ ತೆಗೆದವು.

ನೀವು ಹೇಳಿದ್ದನ್ನೆಲ್ಲ ಬರೆದು ಪ್ರಕಾಶಕರಿಗೆ ಕಳಿಸಿದೆ. ಪ್ರತಿ ತಿದ್ದುಪಡಿಗೂ ಕಾರಣ ಕೊಟ್ಟೆ. ಇವತ್ತು ಉತ್ತರ ಬಂತು, ಚೆನ್ನಾಗಿಯೇ ಮಾತಾಡಿದರು. ಹಕ್ಕುಸ್ವಾಮ್ಯ ನನ್ನಲ್ಲೇ, ಅನುಮತಿ ಕನ್ನಡಕ್ಕೆ ಮಾತ್ರ, ಆದರೆ ಅವಧಿ ಐದರ ಬದಲು ಏಳು ವರ್ಷ ಬೇಕಂತೆ. ಮುಂದಿನ ಕೃತಿಯ ಸಾಲು ತೆಗೆದಿದ್ದಾರೆ. ರಾಯಲ್ಟಿ ನಿವ್ವಳದ ಮೇಲೇ ಅಂತೆ, ಆದರೆ ಕರಡುಪ್ರತಿ ಅವರು ಹೇಳಿದ ವಿವರಣೆ ಸೇರಿಸಲು ಒಪ್ಪಿ, 12% ಮಾಡಿದ್ದಾರೆ. ಸಿನಿಮಾ ಹಕ್ಕು ನನ್ನದೇ. ಅವರ ಮೂಲಕ ಅವಕಾಶ ಬಂದರೆ ಮಾತ್ರ 15% ಅವರಿಗೆ ಅನ್ನುತ್ತಾರೆ. ಮೂಲ ಪುಟಗಳು ಮತ್ತು ಲೇಯರ್ ಫೈಲು "ಪ್ರಕಾಶಕರ ಸ್ವತ್ತು" ಅಂತ ಒಂದು ಹೊಸ ಸಾಲು ಬಂದಿದೆ. ಗೆಳತಿ ಜೊತೆ ಕೂತು ಕಾಗದ ಬರೆದೆವು. ರಾಯಲ್ಟಿಯಲ್ಲಿ ಪಾಲು, ಮುಖಪುಟದಲ್ಲಿ ಹೆಸರು. ಅವಳಿಗೆ ತುಂಬಾ ಸಂತೋಷವಾಯಿತು. ಈಗ ಏನು ಮಾಡಲಿ?

ಕರಡುಪ್ರತಿ

ಏಳು ವರ್ಷಕ್ಕೆ ಒಪ್ಪಬಹುದು, ಮಾರಾಟದ ಸಂಖ್ಯೆಗೆ ಕಟ್ಟಿದ ವಾಪಸಾತಿ ಇದ್ದರೆ. ಅದು ಬಂದಿದೆಯಾ ನೋಡಿ. ಸಿನಿಮಾದ 15% ನ್ಯಾಯವಾಗಿದೆ. "ಅವರ ಮೂಲಕ ಬಂದದ್ದು" ಅಂದರೆ ಲಿಖಿತವಾಗಿ ಪರಿಚಯ ಮಾಡಿಸಿದ್ದು ಎಂದು ಸ್ಪಷ್ಟ ಮಾಡಿ. 12% ಒಳ್ಳೆಯ ಹೆಜ್ಜೆ.

ಚೌಕಟ್ಟು

ಮೂಲ ಪುಟಗಳ ಸಾಲು ಬೇಡ. ಕಾಗದದ ಮೇಲಿನ ಚಿತ್ರ ಎಂಬ ವಸ್ತುವಿನ ಒಡೆತನ ಒಂದು, ಅದರ ಕಾಪಿರೈಟ್ ಇನ್ನೊಂದು. ಜ್ಯಾಕ್ ಕರ್ಬಿಯಂಥ ದೊಡ್ಡ ಕಲಾವಿದ ತನ್ನ ಕೈಯಾರೆ ಬರೆದ ಪುಟಗಳಿಗಾಗಿ 1980ರ ದಶಕದಲ್ಲಿ ವರ್ಷಗಟ್ಟಲೆ ಹೋರಾಡಬೇಕಾಯಿತು. 1987ರಲ್ಲಿ ಬಂದದ್ದು ಅದರಲ್ಲಿ ಒಂದು ಭಾಗ ಮಾತ್ರ. ಪ್ರಕಾಶಕರಿಗೆ ಮುದ್ರಣಕ್ಕೆ ಬೇಕಾಗಿರುವುದು ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣದ) ಪಿಡಿಎಫ್. ಲೇಯರ್ ಫೈಲು ಯಾಕೆ? ಅನುವಾದಕ್ಕೆ ಬಲೂನು ಖಾಲಿ ಇರುವ ಪುಟ ಬೇಕು ಅನ್ನಬಹುದು, ಆದರೆ ಅನುವಾದದ ಹಕ್ಕನ್ನೇ ನೀವು ಕೊಟ್ಟಿಲ್ಲ. "ಮೂಲ ಚಿತ್ರಗಳೂ ಮೂಲ ಫೈಲುಗಳೂ ಲೇಖಕರ ಸ್ವತ್ತು, ಸ್ಕ್ಯಾನಿಂಗಿಗೆ ಪಡೆದಿದ್ದರೆ 30 ದಿನದೊಳಗೆ ಹಿಂದಿರುಗಿಸತಕ್ಕದ್ದು" ಎಂದು ತಿದ್ದಿ ಕಳಿಸಿ.

ಕಾನೂನು_ಓದುಗ

ಚಿತ್ರವನ್ನು ಕತ್ತರಿಸುವುದು, ಬಣ್ಣ ಬದಲಿಸುವುದು, ಮಾತು ತಿದ್ದುವುದು ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಆಗಬಾರದು ಎಂಬ ಸಾಲು ಇದೆಯಾ? ಇಲ್ಲದಿದ್ದರೆ ಸೇರಿಸಿ. ಹೆಸರು ಹಾಕಿಸಿಕೊಳ್ಳುವ ಮತ್ತು ಕೃತಿಯನ್ನು ಕೆಡಿಸದಂತೆ ತಡೆಯುವ ಹಕ್ಕು ಲೇಖಕರಿಗೆ ಬರ್ನ್ ಒಪ್ಪಂದದಲ್ಲೇ ಇದೆ. ಅದನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಎಲ್ಲೂ ಬರೆಯಬೇಡಿ.

ಬಣ್ಣಗಾರ್ತಿ

ಗೆಳತಿಯ ಹೆಸರು ಮುಖಪುಟಕ್ಕೆ ಬಂದದ್ದು ಓದಿ ನನಗೂ ಸಂತೋಷವಾಯಿತು. ಕಾಪಿರೈಟ್ ಪುಟದ ಪ್ರೂಫನ್ನು ಮುದ್ರಣಕ್ಕೆ ಹೋಗುವ ಮೊದಲು ಕೇಳಿ ತರಿಸಿಕೊಳ್ಳಿ. ಒಪ್ಪಂದದಲ್ಲಿ ಎಲ್ಲ ಸರಿ ಇದ್ದು, ಆ ಪುಟದಲ್ಲಿ ಹಳೆಯ ಪುಸ್ತಕದಿಂದ ನಕಲಾಗಿ "ಎಲ್ಲ ಹಕ್ಕುಗಳೂ ಪ್ರಕಾಶಕರವು" ಎಂದೇ ಅಚ್ಚಾಗುವುದಿದೆ.

ಮಸಿಬಾಟಲಿ

ಮೂಲ ಪುಟಗಳ ಸಾಲು, ತಿದ್ದುಪಡಿಯ ಒಪ್ಪಿಗೆ, ವಾಪಸಾತಿಯ ಸಂಖ್ಯೆ, ಮೂರನ್ನೂ ಈಗಲೇ ಬರೆದು ಕಳಿಸುತ್ತೇನೆ. ಪ್ರೂಫ್ ತೋರಿಸಬೇಕು ಅನ್ನುವುದನ್ನೂ ಒಪ್ಪಂದದಲ್ಲೇ ಸೇರಿಸಲು ಕೇಳುತ್ತೇನೆ. ಆಮೇಲೆ ವಕೀಲರಿಗೆ ತೋರಿಸಿ ಸಹಿ. ಅವರು ಏನಂದರು ಎಂದು ಇಲ್ಲೇ ತಿಳಿಸುತ್ತೇನೆ.